ಪುಣೆಯ ಹಳೆಯ ವಿದ್ಯಾರ್ಥಿಗಳ ಬಳಗ: ಒಂದು ವರ್ಷದ ಋಣ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದು ಪುಣೆಯಲ್ಲಿ ನೆಲೆಸಿರುವ ನಾವು ಕಟ್ಟಿಕೊಂಡ ಬಳಗಕ್ಕೆ ಕಳೆದ ಭಾನುವಾರ ಒಂದು ವರ್ಷ ತುಂಬಿತು. ಅಂದಿನ ಸಭೆಯಲ್ಲಿ ವಂದನಾರ್ಪಣೆಯ ಹೊಣೆ ನನ್ನದಾಗಿತ್ತು. ಊಟದ ಹೊತ್ತು ಮೀರಿದ್ದರಿಂದ ನಾಲ್ಕು ಮಾತಿನಲ್ಲಿ ಮುಗಿಸಬೇಕಾಯಿತು. ಹೇಳದೆ ಉಳಿದದ್ದು ಮನಸ್ಸನ್ನು ಕೊರೆಯುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಭೆಯ ಹಿಂದಿನ ರಾತ್ರಿ, ಮುಂಗಡ ಕೊಟ್ಟು ಗೊತ್ತುಮಾಡಿದ್ದ ಸಭಾಗೃಹ ಸಿಗುವುದಿಲ್ಲವೆಂದು ತಿಳಿಯಿತು. ಜುಲೈ ತಿಂಗಳ ಮಳೆ ಬೇರೆ. ನಲವತ್ತು ಜನರಿಗೆ ಕರೆ ಹೋಗಿತ್ತು, ಬಂದವರು ಐವರು. ಕೋಥ್ರೂಡಿನ ದಂಪತಿಗಳು ತಮ್ಮ ಮನೆಯ ಪಡಸಾಲೆಯನ್ನೇ ತೆರವು ಮಾಡಿಕೊಟ್ಟು, ಒದ್ದೆ ಬಟ್ಟೆಯಲ್ಲಿ ನಿಂತಿದ್ದ ನಮಗೆ ಟವೆಲ್ ಕೊಟ್ಟು, ಬಿಸಿ ಚಹಾ ಮಾಡಿಕೊಟ್ಟರು. ಅಂದು ಆ ಬಾಗಿಲು ತೆರೆಯದಿದ್ದರೆ ಎರಡನೆಯ ಸಭೆ ಕರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಅವರಿಗೆ ನನ್ನ ಮೊದಲ ನಮಸ್ಕಾರ.

ಎರಡನೆಯ ಸಭೆಯಲ್ಲಿ ಸದಸ್ಯರು ಯಾರಾಗಬಹುದೆಂಬ ಪ್ರಶ್ನೆ ಬಂತು. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಆವರಣವಿರುವ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲಿನ ವಿಭಾಗಗಳಲ್ಲಿ ಓದಿದವರಿಗೆ ಮಾತ್ರ ಎಂದು ಕೆಲವರು ವಾದಿಸಿದರು, ಮತ್ತು ಆ ಕೆಲವರಲ್ಲಿ ನಾನೂ ಒಬ್ಬನಾಗಿದ್ದೆ. ಹಾಸ್ಟೆಲ್, ಗ್ರಂಥಾಲಯ, ಸಂಜೆಯ ನಡಿಗೆಯ ನೆನಪು ಹಂಚಿಕೊಳ್ಳಲಾಗದವರು ಬಂದು ಮಾಡುವುದೇನು ಎಂಬುದು ನಮ್ಮ ವಾದವಾಗಿತ್ತು. ಆಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ಚೀಲದಿಂದ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ್ದ ತಮ್ಮ ಪದವಿ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದು ಹಿಂದಿನಿಂದ ಬಟ್ಟೆಯ ಪಟ್ಟಿ ಅಂಟಿಸಲಾಗಿತ್ತು. ಮೇಲೆ ಕರ್ನಾಟಕ ವಿಶ್ವವಿದ್ಯಾಲಯವೆಂಬ ಹೆಸರು ಸ್ಪಷ್ಟವಾಗಿತ್ತು. ಆದರೆ ಅವರು ಓದಿದ್ದು ಕಲಬುರಗಿಯಲ್ಲಿ. 1970ರಲ್ಲಿ ಅಲ್ಲಿ ಆರಂಭವಾದ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಬೇರೆಯಾಯಿತು. ಅವರ ಪದವಿ ಅದಕ್ಕೂ ಮೊದಲಿನದು. "ಧಾರವಾಡವನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಬದುಕಿನುದ್ದಕ್ಕೂ ಅನ್ನ ಕೊಟ್ಟದ್ದು ಈ ಕಾಗದ" ಎಂದಷ್ಟೇ ಹೇಳಿ ಅವರು ಕುಳಿತರು. 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆಗುವವರೆಗೆ ಬೆಳಗಾವಿ, ವಿಜಯಪುರಗಳ ಕಾಲೇಜುಗಳಲ್ಲಿ ಓದಿದವರೂ ಇದೇ ಪದವಿ ಪಡೆದವರು ಎಂಬುದನ್ನು ನಾವು ಮರೆತಿದ್ದೆವು. ಅಂದೇ ನಿಯಮ ನಿಶ್ಚಯವಾಯಿತು: ಪ್ರಮಾಣಪತ್ರದ ಮೇಲೆ ಆ ಹೆಸರಿದ್ದರೆ ಸಾಕು. ನನ್ನ ಸಂಕುಚಿತ ಮನಸ್ಸನ್ನು ಒಂದೇ ಮಾತಿನಿಂದ ತಿದ್ದಿದ ಆ ಹಿರಿಯರಿಗೆ ನಾನು ಚಿರಋಣಿ.

ಪುಣೆಗೂ ಧಾರವಾಡಕ್ಕೂ ಇರುವ ಹೋಗಿಬರುವ ನಂಟು ಇಂದಿನದಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ನಮ್ಮ ಕಡೆಯ ಹುಡುಗರು ಪದವಿಗಾಗಿ ಇಲ್ಲಿಗೋ ಮುಂಬೈಗೋ ಹೋಗಬೇಕಾಗುತ್ತಿತ್ತು. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಅವರು ಓದಲು ಬಂದ ಊರಿಗೆ ನಾವು ಓದು ಮುಗಿಸಿ ಕೆಲಸಕ್ಕೆ ಬಂದಿದ್ದೇವೆ.

ಹೆಸರು, ವಿಳಾಸ ಕೊಡಲು ನಿಯಮ ಒಪ್ಪದಿದ್ದರೂ ನಮ್ಮ ಪತ್ರವನ್ನು ಹಳೆಯ ವಿದ್ಯಾರ್ಥಿಗಳಿಗೆ ತಾವೇ ತಲುಪಿಸಿದ ವಿಭಾಗಗಳ ಸಿಬ್ಬಂದಿಗೆ, ಪ್ರತಿ ಸಭೆಗೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೊತ್ತು ತಂದ ಸಹೋದರಿಯರಿಗೆ, ಊರಿಗೆ ಹೋದಾಗಲೆಲ್ಲ ತಪ್ಪದೆ ಪೇಡೆ ತಂದವರಿಗೆ ಕೃತಜ್ಞತೆಗಳು.

ಬಳಗದಿಂದ ಆದ ಅತ್ಯಂತ ಉಪಯುಕ್ತ ಕೆಲಸವೆಂದರೆ, ನನ್ನ ಅಭಿಪ್ರಾಯದಲ್ಲಿ, ಕಾಗದಪತ್ರಗಳದ್ದು. ವಿದೇಶದಲ್ಲಿ ಓದಲೋ ಕೆಲಸಕ್ಕೋ ಹೊರಟವರಿಗೆ ಅಂಕಪಟ್ಟಿಯ ದೃಢೀಕೃತ ಪ್ರತಿ ಬೇಕಾಗುತ್ತದೆ. ಅದಕ್ಕಾಗಿ ರಜೆ ಹಾಕಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ, ಒಂದು ಸಹಿಯ ಕೊರತೆಯಿಂದ ಬರಿಗೈಯಲ್ಲಿ ಮರಳಿದವರು ನಮ್ಮಲ್ಲೇ ಇದ್ದಾರೆ. ಈಗ ಯಾರೇ ಊರಿಗೆ ಹೊರಡಲಿ, ಉಳಿದವರ ಅರ್ಜಿಗಳನ್ನೂ ಒಪ್ಪಿಗೆ ಪತ್ರಗಳನ್ನೂ ಒಂದು ನೀಲಿ ಫೈಲಿನಲ್ಲಿಟ್ಟು ಒಯ್ಯುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಆರಂಭವಾದದ್ದು ಇದಕ್ಕೆ ಅನುಕೂಲವಾಯಿತು. ತಮ್ಮ ರಜೆಯ ಒಂದಿಡೀ ದಿನವನ್ನು ಇನ್ನೊಬ್ಬರ ಕೆಲಸಕ್ಕಾಗಿ ಕೌಂಟರಿನ ಮುಂದೆ ಕಳೆದವರ ಉಪಕಾರವನ್ನು ಹೇಗೆ ತೀರಿಸುವುದೋ ತಿಳಿಯದು. ಆ ಫೈಲಿನ ಲೆಕ್ಕ ಇಡುವವಳು ನಮ್ಮಲ್ಲಿ ಅತ್ಯಂತ ಕಿರಿಯಳು. ಸಂಖ್ಯಾಶಾಸ್ತ್ರ ಓದಿ ಮೊದಲ ಕೆಲಸಕ್ಕೆಂದು ಬಂದಾಗ ಈ ಊರಿನಲ್ಲಿ ಅವಳಿಗೆ ಯಾರೂ ಪರಿಚಯವಿರಲಿಲ್ಲ. ಸದಸ್ಯರೊಬ್ಬರ ಮನೆಯವರು ಬಾಡಿಗೆ ಕೋಣೆ ಸಿಗುವವರೆಗೆ, ಮೂರು ವಾರ, ಅವಳನ್ನು ಮಗಳಂತೆ ಇಟ್ಟುಕೊಂಡರು. ಆ ಮನೆಗೂ ಅವಳಿಗೂ ಬಳಗದ ಪರವಾಗಿ ಕೈಮುಗಿಯುತ್ತೇನೆ.

ಫೆಬ್ರುವರಿಯಲ್ಲಿ ನಾವು ಏಳು ಜನ ಆ ಹಿರಿಯರನ್ನು ಧಾರವಾಡಕ್ಕೆ ಕರೆದೊಯ್ದೆವು. ಆಡಳಿತ ಭವನದ ಮುಂದೆ ಅವರು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದು, ಆಮೇಲೆ ಚಪ್ಪಲಿ ಕಳಚಿಟ್ಟು ಮೆಟ್ಟಿಲು ಹತ್ತಿದರು. ಅವರ ಜೊತೆ ಬಂದಿದ್ದ ಪತ್ನಿ, ಅಷ್ಟು ವರ್ಷ, ಎಷ್ಟೋ ಬಾಡಿಗೆ ಮನೆ ಬದಲಿಸಿದರೂ ಆ ಪ್ರಮಾಣಪತ್ರವನ್ನು ತಮ್ಮ ಮದುವೆಯ ಸೀರೆಯ ಕೆಳಗೆ ಟ್ರಂಕಿನಲ್ಲಿ ಕಾಪಾಡಿದವರು. ಸವೆದ ಮಡಿಕೆಗಳಿಗೆ ಬಟ್ಟೆಯ ಪಟ್ಟಿ ಅಂಟಿಸಿದವರೂ ಅವರೇ. ಭಾನುವಾರ ವೇದಿಕೆಯ ಮೇಲೆ ಅವರ ಹೆಸರನ್ನು ಹೇಳಲು ಬಿಟ್ಟುಹೋಯಿತು. ಅಮ್ಮಾ, ಕ್ಷಮೆಯಿರಲಿ, ನಿಮಗೆ ನಮ್ಮೆಲ್ಲರ ಪ್ರಣಾಮಗಳು.