ಈ ವಾರದ ಚರ್ಚೆ: ಮಳೆ ಡೇಟಾ ಮತ್ತು ಸಿಟಿ ಪ್ಲ್ಯಾನಿಂಗ್

ಎಲ್ರಿಗೂ ನಮಸ್ಕಾರ, ಈ ವಾರ ಹವಾಮಾನದ ಡೇಟಾ ಇಟ್ಕೊಂಡು ಸಿಟಿ ಪ್ಲ್ಯಾನ್ ಮಾಡೋದು ಹೇಗೆ ಅನ್ನೋದಷ್ಟೇ ಮಾತಾಡೋಣ, ಗುಡ್ ಮಾರ್ನಿಂಗ್ ಫೋಟೋಗಳನ್ನ ದಯವಿಟ್ಟು ಪಕ್ಕಕ್ಕಿಡಿ.

ನಾಳೆ ಮಳೆ ಬರುತ್ತಾ ಅನ್ನೋ ಫೋರ್‌ಕಾಸ್ಟ್ ಬೇರೆ, ಮುಂದಿನ 30-40 ವರ್ಷದ ಅಂದಾಜು ಬೇರೆ, ಎರಡನ್ನೂ ಕಲಸ್ಬೇಡಿ. ಮೊದಲನೇದು ಯಾವ ಅಂಡರ್‌ಪಾಸ್ ಮುಚ್ಚಬೇಕು, ಪಂಪ್ ಎಲ್ಲಿಗೆ ಕಳಿಸ್ಬೇಕು ಅನ್ನೋಕೆ, ಎರಡನೇದು ಚರಂಡಿ ಎಷ್ಟು ಅಗಲ ಬೇಕು, ಎಲ್ಲಿ ಮನೆ ಕಟ್ಟಲೇಬಾರ್ದು ಅನ್ನೋಕೆ.

ಇನ್ನೊಂದು, '100 ವರ್ಷಕ್ಕೊಮ್ಮೆ ಬರೋ ಮಳೆ' ಅಂದ್ರೆ ಒಂದ್ಸಲ ಬಂದು ಹೋದ್ಮೇಲೆ ನೂರು ವರ್ಷ ನಿಶ್ಚಿಂತೆ ಅಂತಲ್ಲ, ಪ್ರತಿ ವರ್ಷವೂ 1% ಚಾನ್ಸ್ ಇದೆ ಅಂತ, ಹಾಗಾಗಿ 30 ವರ್ಷದಲ್ಲಿ ಒಂದ್ಸಲನಾದ್ರೂ ಬರೋ ಸಾಧ್ಯತೆ ಸುಮಾರು 26%. ಅದೂ ಹಳೇ ರೆಕಾರ್ಡ್ ಲೆಕ್ಕ! ಗಾಳಿ 1 ಡಿಗ್ರಿ ಬಿಸಿಯಾದ್ರೆ ಸುಮಾರು 7% ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಅಂದ್ಮೇಲೆ ಅಪ್ಪನ ಕಾಲದ ಮಳೆ ಲೆಕ್ಕದ ಟೇಬಲ್ ನೋಡಿ ಪೈಪ್ ಸೈಜ್ ಹಾಕೋದು ನನ್ ಪ್ರಕಾರ ದುಡ್ಡು ದಂಡ.

ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್ ಉದಾಹರಣೆ ಓದ್ಕೊಂಡ್ ಬನ್ನಿ. 2011ರ ಜುಲೈ 2ರಂದು ಅಲ್ಲಿ ಎರಡೇ ಗಂಟೇಲಿ 150 ಮಿ.ಮೀ. ಹತ್ರ ಮಳೆ ಸುರೀತು, 2012ರಲ್ಲೇ ಅದಕ್ಕಂತ ಪ್ಲ್ಯಾನ್ ಮಾಡಿದ್ರು, ಬರೀ ಪೈಪ್ ಅಲ್ಲ, ಪಾರ್ಕನ್ನೇ ತಗ್ಗಿಸಿ ಜೋರು ಮಳೆ ದಿನ ನೀರು ಅಲ್ಲೇ ನಿಲ್ಲೋ ಹಾಗೆ.

ಡೇಟಾ ಹಾಕೋರು ದಿನದ ಮೊತ್ತ ಬೇಡ, ಗಂಟೆವಾರು ಹಾಕಿ, ರಸ್ತೆ ಮುಳುಗೋದು ಆ ಒಂದು ಗಂಟೇಲೇ. ಮಳೆ ಅಳೆಯೋ ಸ್ಟೇಷನ್ ಹೆಸರು, ಯಾವ ವರ್ಷದಿಂದ ಯಾವ ವರ್ಷ ಅನ್ನೋದು ಫೈಲ್ ಹೆಸರಲ್ಲೇ ಇರ್ಲಿ. ಸ್ಕ್ರೀನ್‌ಶಾಟ್ ಬೇಡ್ರಪ್ಪಾ, ಶೀಟ್ ಕಳ್ಸಿ.