ಎರಡೂ ದಡ ಬೇಡವೆಂದವರು

ಅಡೂರು, ಕಾಸರಗೋಡು

ಪ್ರಿಯ ಗೆಳೆಯಾ,

ಮಳೆ ಎರಡು ದಿನ ಬಿಡುವು ಕೊಟ್ಟಿತೆಂದು ಅಡಿಕೆಗೆ ಮದ್ದು ಬಿಡಿಸುವ ಗಡಿಬಿಡಿ, ಉತ್ತರ ತಡವಾಯಿತು. ಯಾವ ಬಣಕ್ಕೂ ಸೇರದ ನಮ್ಮ ದೇಶದ ಅಲಿಪ್ತ ನೀತಿಯೆಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎಂದು ನೀನು ಬರೆದದ್ದು ಮಾತ್ರ ತಲೆಯಿಂದ ಇಳಿಯಲಿಲ್ಲ.

ನಮ್ಮ ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ. ಅದೇ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋದರು. ಬೆಲ್‌ಗ್ರೇಡ್‌ನಲ್ಲಿ 25 ದೇಶಗಳು ಸೇರಿ ಅಲಿಪ್ತ ಚಳವಳಿಗೆ ರೂಪ ಕೊಡಲು ಇನ್ನೂ ಎಂಟು ವರ್ಷವಿತ್ತು. ಕೊರಿಯಾ ಯುದ್ಧ ನಿಂತಿದ್ದರೂ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಊರಿಗೆ ಮರಳುವುದಿಲ್ಲವೆಂದು ಕುಳಿತಿದ್ದರು. ಅವರ ಹಣೆಬರಹ ನೋಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರು, ಕಾವಲಿಗೆ ನಮ್ಮ ಸೈನಿಕರು. ಮರ್ಯಾದೆ ಸಿಕ್ಕಿತೆಂದುಕೊಳ್ಳಬೇಡ. ಭಾರತದ ಪಡೆ ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದ. ಹಾಗಾಗಿ ನಮ್ಮ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಎರಡು ಕೊರಿಯಾಗಳ ನಡುವಿನ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಶಿಬಿರಗಳಲ್ಲಿ ಗಲಭೆ, ಎರಡೂ ಕಡೆಯಿಂದ ಬೈಗುಳ. ಕಡೆಗೆ 88 ಕೈದಿಗಳು ಆ ಬಣವೂ ಬೇಡ, ಈ ಬಣವೂ ಬೇಡ ಎಂದು 1954ರಲ್ಲಿ ನಮ್ಮವರ ಜೊತೆಗೇ ಹಡಗು ಹತ್ತಿ ಮದ್ರಾಸಿನಲ್ಲಿ ಇಳಿದರು.

ಆಗ ಕಾಸರಗೋಡಿಗೂ ಮದ್ರಾಸೇ ರಾಜಧಾನಿ. 1956ರಲ್ಲಿ ನಾವು ಕೇರಳದ ಪಾಲಾದೆವು. ಯಾವ ದಡ ಬೇಕೆಂದು ನಮ್ಮನ್ನು ಯಾರೂ ಒಬ್ಬೊಬ್ಬರಾಗಿ ಕೂರಿಸಿ ಕೇಳಲಿಲ್ಲ. ಹಾಗೆ ಸೇರಿಸಲು ಸಲಹೆ ಕೊಟ್ಟ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರಲ್ಲಿ ಒಬ್ಬರಾದ ಕೆ. ಎಂ. ಪಣಿಕ್ಕರರೇ 1950ರಲ್ಲಿ ಪೀಕಿಂಗಿನಲ್ಲಿ (ಇಂದಿನ ಬೀಜಿಂಗ್) ನಮ್ಮ ರಾಯಭಾರಿ. ಅಮೆರಿಕದ ಸೇನೆ ಎರಡು ಕೊರಿಯಾಗಳನ್ನು ಬೇರ್ಪಡಿಸಿದ್ದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂಬ ಅಲ್ಲಿಯ ಪ್ರಧಾನಿ ಚೌ ಎನ್‌ಲಾಯ್ ಅವರ ಎಚ್ಚರಿಕೆ ಹೊರಬಂದದ್ದು ಅವರ ಮೂಲಕ. ವಾಷಿಂಗ್ಟನ್ ನಂಬಲಿಲ್ಲ, ಚೀನಾ ಯುದ್ಧಕ್ಕಿಳಿಯಿತು. (ಪಣಿಕ್ಕರರನ್ನು ಮೆಚ್ಚುವುದು ಇಲ್ಲಿಯ ಕನ್ನಡಿಗನಿಗೆ ಎಷ್ಟು ಕಷ್ಟವೆಂದು ನಿನಗೆ ಗೊತ್ತಲ್ಲ!)

ರಷ್ಯಾದ ಎಣ್ಣೆ ಕೊಂಡದ್ದಕ್ಕೆ 2025ರ ಆಗಸ್ಟಿನಲ್ಲಿ ಅಮೆರಿಕ ಶೇ. 25 ಹೆಚ್ಚುವರಿ ಸುಂಕ ಹೇರಿದ್ದನ್ನು ನೀನು ಎತ್ತಿದ್ದೀಯ. ಅಗ್ಗವಾದಲ್ಲಿ ಕೊಳ್ಳುವ ಹಕ್ಕು ನಮಗಿದೆ, ಒಪ್ಪಿದೆ. ಆದರೆ ಅದು ಸಂತೆಯ ಚೌಕಾಸಿ, ಅಲಿಪ್ತ ನೀತಿಯಲ್ಲ. ಉಕ್ರೇನ್ ಯುದ್ಧದ ಕೈದಿಗಳ ವಿನಿಮಯಕ್ಕೆ ಮತ್ತೆ ಮತ್ತೆ ಮಧ್ಯಸ್ಥಿಕೆ ವಹಿಸಿದ್ದು ಯುಎಇ. ನನ್ನ ತಮ್ಮ ದುಡಿಯುವ ದೇಶ! ಕಳೆದ ವಾರ ಅವನು ಫೋನಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳಿದಾಗ ನನಗೆ ತಿಮ್ಮಯ್ಯನವರು ನೆನಪಾಗಿ ಹೊಟ್ಟೆಕಿಚ್ಚಾಯಿತು.

ನಿನ್ನ,
ಅಡೂರಿನವ