ಲಸಿಕೆ ಪತ್ರದ ಪ್ರತಿ ಮೊದಲೇ ಸಿಗಲಿ

ಮಾನ್ಯರೆ,

ಯುದ್ಧಪೀಡಿತ ದೇಶಗಳಿಂದ ಭಾರತೀಯರನ್ನು ಕರೆತರುವಾಗ ಹಳದಿ ಜ್ವರದ (ಆಫ್ರಿಕಾದ ಹಲವು ದೇಶಗಳಲ್ಲಿ ಸೊಳ್ಳೆಯಿಂದ ಹರಡುವ ರೋಗ) ಲಸಿಕೆ ಪ್ರಮಾಣಪತ್ರದ ವಿಷಯ ಕೊನೆಯ ಗಳಿಗೆಗೆ ಉಳಿಯಬಾರದು. 2023ರ ‘ಆಪರೇಷನ್ ಕಾವೇರಿ’ಯಲ್ಲಿ ಸುಡಾನ್‌ನಿಂದ 3,862 ಮಂದಿಯನ್ನು ತೆರವುಗೊಳಿಸಿದ್ದು ಸಣ್ಣ ಕೆಲಸವೇನಲ್ಲ. ಆದರೆ ಸುಡಾನ್‌ನಿಂದ ಸೌದಿ ಅರೇಬಿಯಾದ ಜೆಡ್ಡಾ ಮೂಲಕ ಬೆಂಗಳೂರಿಗೆ ಬಂದಿಳಿದವರಲ್ಲಿ ಈ ಲಸಿಕೆ ಪತ್ರ ಇಲ್ಲದವರು ಮನೆಗೆ ಹೋಗುವ ಬದಲು ಕ್ವಾರಂಟೈನ್‌ಗೆ ಹೋಗಬೇಕಾಯಿತು. ನಿಯಮ ಸರಿಯೇ, ಸೋಂಕಿನ ಲಕ್ಷಣ ಕಾಣಿಸಲು 6 ದಿನ ಹಿಡಿಯಬಹುದು. ಲಸಿಕೆ ಪಡೆದ 10 ದಿನಗಳ ಬಳಿಕವೇ ಪತ್ರಕ್ಕೆ ಮಾನ್ಯತೆ ಬರುವುದರಿಂದ ಹೊರಡುವಾಗ ಚುಚ್ಚಿಸಿಕೊಂಡರೆ ಉಪಯೋಗವಿಲ್ಲ. ಗುಂಡಿನ ಸದ್ದಿಗೆ ಮನೆ ಬಿಟ್ಟು ಓಡಿದವರು ಲಸಿಕೆ ಪತ್ರದ ಆ ಹಳದಿ ಪುಸ್ತಿಕೆಯನ್ನು ಹುಡುಕಿ ತರುತ್ತಾರೆಯೇ? ವಿದೇಶದಲ್ಲಿರುವವರು ರಾಯಭಾರ ಕಚೇರಿಯಲ್ಲಿ ನೋಂದಾಯಿಸುವಾಗಲೇ ಪ್ರಮಾಣಪತ್ರದ ಪ್ರತಿ ಪಡೆದಿಟ್ಟು, ತೆರವಿನ ವೇಳೆ ಪ್ರಯಾಣಿಕರ ಪಟ್ಟಿಯ ಜತೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಕಳುಹಿಸುವ ವ್ಯವಸ್ಥೆಯನ್ನು ವಿದೇಶಾಂಗ ಸಚಿವಾಲಯ ಮಾಡಲಿ.

– ಓದುಗ, ಮೈಸೂರು